ಹೊಳೆಗೆ ಇಳಿಯಬಾರದವನು

ನವೆಂಬರ್ 6, ಬುಧವಾರ. ಕಂಪನಿ ಬಸ್ಸು.

ಮೋಶಿ ಇನ್ನೂ ದಾಟಿಲ್ಲ. ಬಸ್ಸಿನ ತುಂಬ ಗೊರಕೆ. ಚಾಕಣದ ಟ್ರಾಫಿಕ್ ಇವತ್ತೂ ಹಣೆಬರಹದ ಹಾಗೆ ಅಲ್ಲಾಡದೆ ನಿಂತಿದೆ. ನಿನ್ನೆ ಇಡೀ ಒಂದು ಲಾಟ್ ರಿಜೆಕ್ಟ್ ಮಾಡಿದೆ — ಬ್ರೇಕಿನ ಕಾಸ್ಟಿಂಗ್, ಎರಕದ ಒಳಗೆಲ್ಲ ಗಾಳಿಗುಳ್ಳೆ. ಹೊರಗಿನಿಂದ ನೋಡಿದರೆ ಬಂಗಾರ. ಸಪ್ಲೈಯರ್ ಫೋನಿನಲ್ಲೇ ಬೈದ. ಬೈಯಲಿ. ಚೆನ್ನಾಗಿ ಕಾಣುವುದರ ಒಳಗೆ ಕೆಟ್ಟದ್ದನ್ನು ಹುಡುಕಲಿಕ್ಕೇ ನನಗೆ ಸಂಬಳ ಕೊಡುತ್ತಾರೆ. ಈಗೀಗ ಮನೆಯಲ್ಲೂ ಅದೇ ಕಣ್ಣು ಬಂದಿದೆ.

ಗೆಳೆಯ ಲತೇಶನ ಮೆಸೇಜ್: "ಡಿಸೆಂಬರ್ 14, 15 ಫಿಕ್ಸ್ ಮಾರಾಯ. ಕೋಲಾಡ್. ಶನಿವಾರ ಕಯಾಕ್, ರಾತ್ರಿ ಹೊಳೆದಂಡೆಯಲ್ಲಿ ಟೆಂಟು. ನೀತಾ ಬರುದಿಲ್ಲಾಂತ ಆದ್ರೆ ನೀನೂ ಬರುದು ಬೇಡ."

ಥಂಬ್ಸ್ ಅಪ್ ಹಾಕಿದೆ. ಹಾಕಲೇಬೇಕು.

ನೀತಾ ಬಸುರಿ. ಇಲ್ಲಿ ಬರೆದದ್ದು ಬಿಟ್ಟರೆ ಡಾಕ್ಟರಿಗೆ ಮಾತ್ರ ಗೊತ್ತು. ಮೊದಲನೆಯ ಸಲ ಇಡೀ ಬಿಲ್ಡಿಂಗಿಗೆ ಪೇಢೆ ಹಂಚಿದ್ದೆವು. ಆಮೇಲೆ ಅದೇ ಮೆಟ್ಟಿಲು ಹತ್ತಿಳಿಯುತ್ತ ಒಬ್ಬೊಬ್ಬರಿಗೂ "ಇಲ್ಲ, ನಿಲ್ಲಲಿಲ್ಲ" ಎಂದು ಹೇಳಿದ್ದು ನಾನೇ. ಎರಡನೆಯ ಸಲ ಅವ್ವನಿಗೆ ಮಾತ್ರ ಹೇಳಿದೆವು. ಅವ್ವ ಹಳೆಯ ಸೀರೆ ಹರಿದು ಕೌದಿ ಹೊಲಿಯಲು ಕೂತಳು. ಕೂಸು ಹುಟ್ಟುವ ಮುಂಚೆ ಕುಲಾವಿ. ಅದೂ ಹೋಯಿತು. ಅರ್ಧ ಹೊಲಿದ ಕೌದಿ ಎಲ್ಲಿಟ್ಟಳೋ, ನಾವು ಕೇಳಲಿಲ್ಲ.

ಈ ಸಲ ಮೂರು ತಿಂಗಳು ತುಂಬುವ ತನಕ ಯಾರಿಗೂ ಇಲ್ಲ. ದೃಷ್ಟಿ ತಾಗುತ್ತದೆ ಅಂತಲ್ಲ, ಅದನ್ನೆಲ್ಲ ನಂಬುವವನಲ್ಲ ನಾನು. ಇನ್ನೊಂದು ಸಲ ಮೆಟ್ಟಿಲು ಹತ್ತಿಳಿಯುವ ತ್ರಾಣ ಇಲ್ಲ.

ತೊಡಕು ಏನೆಂದರೆ ಈ ಕಯಾಕ್ ದೋಣಿಯ ಹುಚ್ಚು ನನ್ನದಲ್ಲ, ನೀತಾಳದು. ಹೋದ ವರ್ಷ ಅದೆಲ್ಲ ಆದ ಮೇಲೆ ಒಬ್ಬಳೇ ಕೋಲಾಡಿಗೆ ಹೋಗಿ ಕಲಿತು ಬಂದಳು. ಬೆರಳ ಗೆಣ್ಣೆಲ್ಲ ತರಚಿತ್ತು, ಮುಖಕ್ಕೆ ಜೀವ ಬಂದಿತ್ತು. ಅಂದಿನಿಂದ ಎಲ್ಲರೂ ಕೂಡಿ ಹೋಗೋಣ ಎಂದು ಲತೇಶನ ಬೆನ್ನು ಹತ್ತಿದ್ದಳು. ಈಗ ಅವಳೇ ಬೇಡ ಎಂದರೆ ಎಲ್ಲರಿಗೂ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಆದ್ದರಿಂದ ಪ್ಲಾನ್ ನಡೆಯಬೇಕು. ಶುಕ್ರವಾರ 13ಕ್ಕೆ ಮೂರು ತಿಂಗಳು ತುಂಬಿರುತ್ತದೆ. ಅವತ್ತು ಹೇಳುವುದು — ನಾವು ಬರುವುದಿಲ್ಲ, ಕಾರಣ ಇದು.

ಹೋಗದ ಪ್ರವಾಸಕ್ಕೆ ಇಷ್ಟು ಆಸೆಯಿಂದ ಯಾರೂ ತಯಾರಿ ಮಾಡಿರಲಿಕ್ಕಿಲ್ಲ. ರದ್ದಾಗಲಿ ದೇವರೇ. ಇದೊಂದು ರದ್ದಾಗಲಿ.

ನವೆಂಬರ್ 9, ಶನಿವಾರ

ವಿಮಾನ ನಗರ. ಲತೇಶನ ಹೋಟೆಲ್ಲಿನ ಮೂಲೆ ಟೇಬಲ್ಲು. ಅಪ್ಪನ ಕಾಲದ ಉಡುಪಿ ಹೋಟೆಲ್ಲು, ಗಲ್ಲಾಪೆಟ್ಟಿಗೆಯ ಮುಂದೆ ಈಗ ಇವನು. ಕೂತಿದ್ದು ಗಲ್ಲೆಯಲ್ಲಿ, ಮನಸ್ಸು ಹೊಳೆಯಲ್ಲಿ. ನ್ಯಾಪ್ಕಿನ್ ಮೇಲೆ ಕೋಲಾಡಿನ ಕುಂಡಲಿಕಾ ನದಿಯ ನಕ್ಷೆ ಬರೆದ.

"ನೋಡು, ಈ ಹೊಳೆ ತನ್ನಷ್ಟಕ್ಕೆ ಹರಿಯುದಲ್ಲ. ಮೇಲೆ ಕರೆಂಟಿನವರು ಬೆಳಿಗ್ಗೆ ನೀರು ಬಿಟ್ರೆ ಮಾತ್ರ ಉಂಟು. ಬಿಡದಿದ್ರೆ ಬರೀ ಕಲ್ಲು. ನಾವು ದಡದಲ್ಲಿ ಕೂತು ಕಾಯ್ಬೇಕು."

"ಬಿಡದಿದ್ದರೆ?" ಎಂದೆ. ಆಸೆ ಸ್ವಲ್ಪ ಹೆಚ್ಚಾಗಿಯೇ ಕೇಳಿಸಿರಬೇಕು.

"ಅಪಶಕುನ ಮಾತಾಡ್ಬೇಡ ಮಾರಾಯ."

ಅವನ ಹೆಂಡತಿ ಯಶ್ಮಿತಾ ಫಿಲ್ಟರ್ ಕಾಫಿ ತಂದಿಟ್ಟಳು. ನೀತಾ ಲೋಟ ದೂರ ಸರಿಸಿದಳು. ನಾನು ಅದನ್ನು ನನ್ನ ಕಡೆ ಎಳೆದುಕೊಂಡೆ.

"ಅಸಿಡಿಟಿ ಆಗೇದರಿ," ಎಂದಳು ನೀತಾ, ಕಣ್ಣು ಮಿಟುಕಿಸದೆ. ಆಮೇಲೆ ಲತೇಶನ ಜೊತೆ ಹೆಲ್ಮೆಟ್ಟಿನ ಸೈಜಿನ ಬಗ್ಗೆ ಜಗಳ ಆಡಿದಳು. ಏನು ನಟನೆ! ರಿಕ್ಷಾ ಹತ್ತಿದ ಮೇಲೆ ನನ್ನ ಹೆಗಲ ಮೇಲೆ ತಲೆ ಇಟ್ಟು, "ಸಾಕಾತ್ರಿ," ಎಂದಳು.

ನವೆಂಬರ್ 14, ಗುರುವಾರ

ಮೇಲಿನ ಮನೆಯ ಅಜ್ಜ, ಜೋಶಿ ಆಜೋಬಾ, ತೀರಿಕೊಂಡರು. ನಮ್ಮ ಸದಾಶಿವ ಪೇಠದ ಹಳೆಯ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ, ಚಟ್ಟವನ್ನು ಇಕ್ಕಟ್ಟಿನ ಮೆಟ್ಟಿಲಲ್ಲಿ ಇಳಿಸಬೇಕು. ಇರುವವರೆಲ್ಲ ಮುದುಕರು. ನಾನು ಹೆಗಲು ಕೊಡಲು ಹೋದೆ. ಅವ್ವ ಎಲ್ಲರೆದುರಿಗೇ ತೋಳು ಹಿಡಿದು ಎಳೆದಳು.

"ನೀ ಬ್ಯಾಡ. ನಿನಗ ಬೆನ್ನ ನೋವದ."

"ಅವ್ವಾ, ಬಿಡು. ಬೆನ್ನಿಗೇನ ಆಗೇದ?"

"ಬ್ಯಾಡಂದ್ರ ಬ್ಯಾಡ." ಹಿಡಿದ ತೋಳು ಬಿಡಲೇ ಇಲ್ಲ.

ನನಗೆ ಬೆನ್ನು ನೋವು ಬಂದು ಎಷ್ಟು ಕಾಲವಾಯಿತು. ಜೋಶಿಯವರ ಮಗ ನನ್ನನ್ನು ಒಂದು ಥರ ನೋಡಿದ. ಗೋಡೆಗೆ ಆನಿಕೊಂಡು ನಿಂತೆ, ಇದ್ದೂ ಇಲ್ಲದವನ ಹಾಗೆ. ಅವ್ವನ ಮೇಲೆ ಸಿಟ್ಟು ಬಂತು. ಸಂಜೆ ಊಟಕ್ಕೆ ಕರೆದಾಗ ಹಸಿವಿಲ್ಲ ಎಂದೆ. ಅವ್ವ ಬಲವಂತ ಮಾಡಲಿಲ್ಲ, ತಟ್ಟೆ ಮುಚ್ಚಿಟ್ಟಳು.

ನವೆಂಬರ್ 20, ಬುಧವಾರ

ಮತದಾನದ ರಜೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಸೀದಾ ಸ್ವಿಮಿಂಗ್ ಪೂಲಿಗೆ. ಲತೇಶ್ ಯಾರದೋ ಕಯಾಕ್ ತಂದಿದ್ದ.

ಕಲಿಸಿದ್ದು ಇಷ್ಟು. ದೋಣಿಯಲ್ಲಿ ಕೂತ ಮೇಲೆ ಸೊಂಟದ ಸುತ್ತ ಒಂದು ರಬ್ಬರ್ ಬಟ್ಟೆ, ಅದನ್ನು ದೋಣಿಯ ಬಾಯಿಗೆ ಬಿಗಿಯಾಗಿ ಸಿಕ್ಕಿಸುತ್ತಾರೆ. ನೀರು ಒಳಗೆ ಬರಬಾರದಲ್ಲ. ದೋಣಿ ಮಗುಚಿತೋ, ತಲೆ ಕೆಳಗೆ, ಕಾಲು ದೋಣಿಯೊಳಗೆ. ಗಾಬರಿ ಬೀಳದೆ ಮುಂದೆ ಬಾಗಿ, ಬಟ್ಟೆಯ ಕುಣಿಕೆ ಹುಡುಕಿ ಎಳೆದರೆ ಹೊರಗೆ ಬೀಳುತ್ತೀರಿ. ಎಳೆಯದಿದ್ದರೆ ಇಲ್ಲ.

ನನ್ನ ದೋಣಿಯನ್ನು ಮಗುಚಿದರು. ಮೂಗಿನಲ್ಲಿ ಕ್ಲೋರಿನ್. ಕುಣಿಕೆ ಕೈಗೆ ಸಿಕ್ಕಿತ್ತು. ಎಳೆಯಲಿಲ್ಲ. ಅಲ್ಲಿ ಯಾವ ಸದ್ದೂ ಇರಲಿಲ್ಲ. ಯಾರಿಗೂ ಏನೂ ಸುಳ್ಳು ಹೇಳಬೇಕಾಗಿರಲಿಲ್ಲ. ಹಾಯೆನಿಸಿತು, ಅದನ್ನು ಬರೆಯಲು ನಾಚಿಕೆ.

ಲತೇಶನೇ ಎಳೆದು ಎತ್ತಿದ. "ಎಂಥ ಮಾರಾಯ, ಸಾಯ್ಲಿಕ್ಕೆ ಬಂದದ್ದಾ ನೀನು?"

ನೀತಾ ಕಿವಿಯ ಇನ್ಫೆಕ್ಷನ್ ನೆವ ಹೇಳಿ ಅಂಚಿನಲ್ಲಿ ಕೂತಿದ್ದಳು. ಟವೆಲ್ ಕೊಡುವಾಗ ಯಾರಿಗೂ ಕೇಳದಂತೆ, "ಇನ್ನೊಮ್ಮೆ ಹಂಗ ಮಾಡಬ್ಯಾಡ್ರಿ. ನನ್ನ ಜೀವ ಹೋತು," ಎಂದಳು. ತಪ್ಪಾಯಿತು ಎಂದೆ.

ನವೆಂಬರ್ 23, ಶನಿವಾರ

ಕೇಳಿದೆವು. ಎದೆಬಡಿತ.

ಕುದುರೆ ಓಡಿದ ಹಾಗೆ. ಡಾಕ್ಟರು ಸೌಂಡ್ ಜಾಸ್ತಿ ಮಾಡಿದರು. "ಛಾನ್ ಆಹೆ," ಚೆನ್ನಾಗಿದೆ ಎಂದರು. ನೀತಾ ಹಾಸಿಗೆಯ ಮೇಲಿಂದಲೇ ನನ್ನ ಶರ್ಟಿನ ಅಂಚು ಹಿಡಿದುಕೊಂಡಿದ್ದಳು. ಹೊರಗೆ ಬಂದರೆ ರಸ್ತೆಯ ತುಂಬ ಪಟಾಕಿ, ಗುಲಾಲು, ಡೋಲು. ಎಲೆಕ್ಷನ್ ರಿಸಲ್ಟು. ಯಾರು ಗೆದ್ದರೋ, ನಾವೂ ನಕ್ಕೆವು. ಯಾರೋ ನನ್ನ ಹಣೆಗೆ ಗುಲಾಲು ಬಳಿದ. ಬಳಿಸಿಕೊಂಡೆ.

ಮನೆಗೆ ಬಂದಾಗ ಅವ್ವ ಹಣೆ ನೋಡಿದಳು, ನೀತಾಳ ಮುಖ ನೋಡಿದಳು. "ಏನ್ ಭಾಳ ಖುಷೀಲೆ ಇದ್ದೀರಿ?"

"ಟೆಂಟ್ ಬುಕ್ ಆತವ್ವಾ," ಎಂದೆ.

ಈಗ ಭಯ ಎರಡರಷ್ಟಾಗಿದೆ. ಮೊದಲು ಒಂದು ಸುದ್ದಿ ಇತ್ತು. ಈಗ ಅದಕ್ಕೊಂದು ಸದ್ದು ಬಂತು.

ಡಿಸೆಂಬರ್ 1, ಭಾನುವಾರ

ಒಂದು ವಾರ ಬರೆಯಲಿಲ್ಲ. ಬರೆದರೆ ಏನಾದರೂ ಆದೀತು ಎನ್ನಿಸಿತು. ನಂಬುವವನಲ್ಲವಂತೆ ನಾನು!

ಅವ್ವ ಮತ್ತೆ ಕೌದಿ ಹೊಲಿಯುತ್ತಿದ್ದಾಳೆ. ಬಾಲ್ಕನಿಯ ಬಿಸಿಲಿಗೆ ಕೂತು, ಕನ್ನಡಕ ಮೂಗಿನ ತುದಿಗೆ. ನೋಡಿ ಬಾಗಿಲಲ್ಲೇ ನಿಂತೆ.

"ಯಾರಿಗವ್ವಾ?"

"ನಿನಗ. ಹೊಳಿ ದಂಡ್ಯಾಗ ಥಂಡಿ ಇರತದಲ್ಲ ಕ್ಯಾಂಪಿಗಿ."

"ಇಷ್ಟ ಸಣ್ಣದು?"

"ಕಾಲ ಮುಚ್ಚತದ, ಸಾಕು."

ಉಸಿರು ಬಂತು. ಪಾಪ, ನನ್ನ ಪ್ರವಾಸಕ್ಕೆ ಹೊಲಿಯುತ್ತಿದ್ದಾಳೆ. ನಾನು ಹೋಗುವುದೇ ಇಲ್ಲ, ಈ ಮುದುಕಿ ಬೆರಳು ಚುಚ್ಚಿಕೊಳ್ಳುತ್ತಿದ್ದಾಳೆ. ಹೇಳಿಬಿಡಲೇ ಅನ್ನಿಸಿತು. ಇನ್ನು ಎರಡೇ ವಾರ.

ಅವ್ವನೇ ದಾರ ಕಚ್ಚಿ ಹರಿದು ಹೇಳಿದಳು: "ಅಲ್ಲಿಗಿ ಹೋಗು, ಬ್ಯಾಡ ಅನ್ನೂದಿಲ್ಲ. ಹೊಳಿಗಿ ಮಾತ್ರ ಇಳಿಬ್ಯಾಡ. ದಂಡಿ ಮ್ಯಾಲ ಕುಂಡ್ರು."

"ಕಯಾಕ್ ಮಾಡ್ಲಾಕ ಹೋಗಿ ದಂಡಿ ಮ್ಯಾಲ ಕುಂಡ್ರೂದ? ಯಾಕ?"

"ಯಾಕಂದ್ರ ಯಾಕ. ನಾ ಹೇಳ್ತೀನಲ್ಲ."

ಇಂಡಿ ತಾಲ್ಲೂಕಿನವಳು, ಭೀಮಾ ಹೊಳೆ ಊರು ನುಂಗುವುದನ್ನು ಕಂಡವಳು. ನೀರಿನ ಹೆದರಿಕೆ ಇರುವುದೇ. ನೀತಾಳಿಗೆ ಹೇಳಿದಾಗ ಅವಳು, "ನನಗ ಇಳಿಬ್ಯಾಡ ಅನ್ಲೇ ಇಲ್ಲ ನೋಡ್ರಿ," ಎಂದು ನಕ್ಕಳು. ಹೌದಲ್ಲ. ಸೊಸೆಗಿಂತ ಮಗನ ಜೀವ ತುಟ್ಟಿ ಎಂದು ನಾನೂ ನಕ್ಕೆ.

ಹೆಚ್ಚೇನಿಲ್ಲ: ಅವ್ವ ಪಪ್ಪಾಯಿ ತರುವುದನ್ನು ಬಿಟ್ಟಿದ್ದಾಳೆ. ಮಂಡಈ ಮಾರ್ಕೆಟ್ಟಿಗೆ ಹೋದರೆ ಅದೊಂದಿಲ್ಲದೆ ಬರುತ್ತಿರಲಿಲ್ಲ. "ಸಪ್ಪಗ ಬರಾಕತ್ಯಾವ," ಎಂದಳು.

ಡಿಸೆಂಬರ್ 5, ಗುರುವಾರ

ನೀತಾ ಬ್ಯಾಗು ತುಂಬುತ್ತಿದ್ದಾಳೆ. ನಾಟಕ ಎಂಬುದು ಮರೆತ ಹಾಗಿದೆ. ಹೆಡ್‌ಲ್ಯಾಂಪ್, ಟೆಂಟಿನ ಗೂಟ, ನೀರು ಹೋಗದ ಚೀಲ. ಪ್ಯಾಡಲ್ಲನ್ನು ಹಾಸಿಗೆಯ ಮೇಲೆ ಕೂತೇ ಎಡಕ್ಕೆ ಬಲಕ್ಕೆ ತಿರುವಿದಳು. ಫ್ಯಾನಿಗೆ ಬಡಿಯಿತು.

"ಮುಂದಿನ ವರ್ಷ ಮೂರೂ ಮಂದಿ ಹೋಗೂಣ್ರಿ. ನಾ ನೀರಾಗ, ನೀವು ದಂಡಿ ಮ್ಯಾಲ ಕೂಸಿನ ಹಿಡಕೊಂಡು."

"ಥೂ, ಸುಮ್ನಿರು. ಅಂಥಾದ್ದೆಲ್ಲ ಈಗ ಅನಬಾರ್ದು."

ಅವಳ ಮುಖ ಇಳಿಯಿತು. ನಾನ್ಯಾಕೆ ಹೀಗೆ? ಆಡಲಿ ಬಿಡಬೇಕಿತ್ತು. ಅವಳ ಮಾತಲ್ಲೂ ಗಾಳಿಗುಳ್ಳೆ ಹುಡುಕಬೇಕಿತ್ತೆ?

ಡಿಸೆಂಬರ್ 9, ಸೋಮವಾರ

ಬಡಿತ ಇಲ್ಲ.

ಡಾಕ್ಟರು ಸೌಂಡ್ ಜಾಸ್ತಿ ಮಾಡಿದರು. ಮತ್ತೆ ಮಾಡಿದರು. ಇನ್ನೊಬ್ಬರನ್ನು ಕರೆದರು. ಮರಾಠಿಯಲ್ಲಿ ಮೆಲ್ಲಗೆ ಮಾತಾಡಿಕೊಂಡರು, ನಮಗೆ ಅರ್ಥವಾಗದೇನೋ ಎಂಬ ಹಾಗೆ. ಹುಟ್ಟಿ ಬೆಳೆದದ್ದು ಇದೇ ಊರಲ್ಲಿ.

ನೀತಾ ಶರ್ಟಿನ ಅಂಚು ಹಿಡಿದಿದ್ದಳು. ಬಿಟ್ಟಳು.

ಡಿಸೆಂಬರ್ 11, ಬುಧವಾರ

ನಿನ್ನೆ ಕ್ಲೀನಿಂಗ್ ಆಯಿತು. ಹಾಗೇ ಅನ್ನುತ್ತಾರೆ, ಕ್ಲೀನಿಂಗ್. ಸಂಜೆಗೇ ಮನೆಗೆ ಕಳಿಸಿದರು. ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ನೀತಾ ಎರಡು ಕಡೆ ಕೂತಳು. ಮೇಲಿನ ಜೋಶಿ ಕಾಕು, "ಕಾಯ್ ಝಾಲಂ ಗ?" ಏನಾಯಿತೇ ಎಂದು ಕೇಳಿದರು. ಹೊಟ್ಟೆ ಕೆಟ್ಟಿದೆ ಎಂದೆ. ಅವ್ವನಿಗೂ ಅದನ್ನೇ ಹೇಳಿದೆ. ಹೊರಗಿನ ಪಾವ್ ಭಾಜಿ ತಿಂದದ್ದು, ಎಂದು ಬೇರೆ ಸೇರಿಸಿದೆ.

ಅವ್ವ ಗಂಜಿ ಕಾಸಿದಳು. ಬಿಸಿನೀರಿನ ಚೀಲ ಎಲ್ಲಿತ್ತೋ, ಹುಡುಕಿ ತಂದಳು.

ನೀತಾ ಅಳುವುದಿಲ್ಲ. ಗೋಡೆ ಕಡೆ ಮುಖ. ನಾನು ಕೋಣೆಗೆ ಹೋದರೆ ಎದ್ದು ಕೂತು, "ಆರಾಮ ಇದ್ದೀನ್ರಿ, ನೀವು ಉಂಡ್ರಿ?" ಅನ್ನುತ್ತಾಳೆ. ನಾನೂ ಉಂಡೆ ಅನ್ನುತ್ತೇನೆ. ಮನೆಯೊಳಗೆ ಒಬ್ಬರಿಗೊಬ್ಬರು ಹೇಳುತ್ತಿರುವುದೆಲ್ಲ ಸುಳ್ಳು.

ಮೂಲೆಯಲ್ಲಿ ಬ್ಯಾಗು ಪ್ಯಾಕಾಗಿಯೇ ಇದೆ. ಗ್ರೂಪಿನಲ್ಲಿ ಲತೇಶನ ಮೆಸೇಜ್: "ತ್ರೀ ಡೇಸ್ ಟು ಗೋ!" ಕೆಳಗೆ ದೋಣಿಯ ಚಿತ್ರ, ಅಲೆಯ ಚಿತ್ರ.

ಅದಕ್ಕೂ ಥಂಬ್ಸ್ ಅಪ್ ಹಾಕಿದೆ. ಏನು ಬರೆಯಲಿ? ಇದ್ದ ಕಾರಣ ಈಗಿಲ್ಲ.

ಡಿಸೆಂಬರ್ 13, ಶುಕ್ರವಾರ

ಇವತ್ತು ಹೇಳಬೇಕಾಗಿದ್ದ ದಿನ. ರಜೆ ಹಾಕಿದ್ದೇನೆ.

ಬೆಳಿಗ್ಗೆ ಲತೇಶನಿಗೆ ಫೋನು. ನೀತಾಳ ಹೊಟ್ಟೆ ಸರಿಯಿಲ್ಲ, ನಾವು ಬರುವುದಿಲ್ಲ ಎಂದೆ. "ಅಯ್ಯೋ ದೇವ್ರೆ. ಅವ್ಳು ಮಲಗ್ಲಿ, ನೀನಾದ್ರೂ ಬಾ. ನಾಳೆ ಬೆಳಿಗ್ಗೆ ನಾಲ್ಕು ಗಂಟೆಗೆ ನಿನ್ನ ಗೇಟಿಗೆ ಬಂದು ಹಾರ್ನ್ ಹಾಕ್ತೇನೆ," ಎಂದು ನನ್ನ ಉತ್ತರ ಕೇಳದೆ ಇಟ್ಟ.

ಅಡುಗೆಮನೆಗೆ ಹೋದರೆ ಅವ್ವ ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಶೇಂಗಾ ಚಟ್ನಿ ಡಬ್ಬಿ. ಅದರ ಮೇಲೆ ಮಡಿಸಿಟ್ಟ ಕೌದಿ.

"ನಾ ಹೋಗೂದಿಲ್ಲವ್ವಾ," ಎಂದೆ.

"ಹೋಗಿ ಬಾ."

"ನೀತಾಗ ಆರಾಮಿಲ್ಲ."

"ನಾ ಇದ್ದೀನಲ್ಲ. ನೀ ಹೋಗಿ ಬಾ." ರೊಟ್ಟಿಯ ಗಂಟು ಬಿಗಿದಳು. ನನ್ನ ಮುಖ ನೋಡಲಿಲ್ಲ. "ಇನ್ನ ಹೊಳಿಗಿ ಇಳದ್ರ ಅಡ್ಡಿಲ್ಲ."

ಅರ್ಥವಾಗಲು ಹೊತ್ತು ಹಿಡಿಯಿತು. ಕಾಲಿನಿಂದ ಮೇಲಕ್ಕೆ ಬಂತು ಅರ್ಥ.

"ಅಂದ್ರ?"

"ಬಸುರಿ ಗಂಡ ಹೆಣಕ್ಕ ಹೆಗಲ ಕೊಡಬಾರ್ದು. ಹೊಳಿಗಿ ಇಳಿಬಾರ್ದು. ನಿಮ್ಮಪ್ಪನೂ ಇಳಿದಿಲ್ಲ, ನೀ ಹುಟ್ಟೂ ತನಕ." ಕೌದಿಯನ್ನು ಇನ್ನೊಮ್ಮೆ ಮಡಿಸಿದಳು. "ಈಗೇನದ."

ಯಾವಾಗ ಗೊತ್ತಾಯಿತು ಎಂದು ಕೇಳಿದೆ. ದೀಪಾವಳಿಯ ಎಣ್ಣೆ ನೀರಿನ ದಿನವೇ ಅಂತೆ. ನೀತಾ ಎಣ್ಣೆಯ ವಾಸನೆಗೆ ಮೂಗು ಮುಚ್ಚಿಕೊಂಡು ಬಚ್ಚಲಿಂದ ಓಡಿದ್ದಳಂತೆ.

"ಬೆಕ್ಕ ಕಣ್ಣ ಮುಚ್ಚಿ ಹಾಲ ಕುಡದಾಂಗ ನಿಮ್ಮ ಸಂಸಾರ. ಮನ್ಯಾಗ ಇರೂದ ಮೂರ ಮಂದಿ. ಅದ್ರಾಗ ಮುಚ್ಚಿಡೂದು ಯಾರಿಗಿ?"

"ಮತ್ತ ಯಾಕ ಕೇಳ್ಲಿಲ್ಲ ನೀ?"

"ಹೇಳ್ತೀರಿ ಅಂತ ಹಾದಿ ನೋಡಿದೆ. ಗುಲಾಲ ಹಚ್ಚಿಕೊಂಡು ಬಂದ್ರಲ್ಲ, ಅವತ್ತರ ಹೇಳ್ತೀರಿ ಅಂದ್ಕೊಂಡೆ. ಟೆಂಟ್ ಅಂದಿ." ಸೆರಗಿನಲ್ಲಿ ಮೂಗು ಒರೆಸಿದಳು. "ಹೇಳಿದ್ರ ಉಳೀತಿತ್ತು ಅಂತಲ್ಲೋ ಚನ್ನಾ. ಹೋಗೂದು ಹೋಗೇ ಹೋಗತಿತ್ತು. ಅಷ್ಟ ದಿನ ಆದ್ರೂ ಮೂರೂ ಮಂದಿ ಕೂಡಿ ಖುಷಿ ಪಡತಿದ್ವಿ. ನೀವು ಆ ಕ್ವಾಣ್ಯಾಗ, ನಾ ಈ ಬಾಲ್ಕನ್ಯಾಗ. ಒಬ್ಬೊಬ್ಬರ ಕುಂತು ಖುಷಿ ಪಟ್ವಿ."

ಅತ್ತುಬಿಟ್ಟೆ. ಅವ್ವನ ಎದುರು, ಈ ವಯಸ್ಸಿನಲ್ಲಿ. ದುಃಖ ಕೊಡಬಾರದೆಂದು ಮುಚ್ಚಿಟ್ಟೆ. ದುಃಖ ಬಾಗಿಲು ಕೇಳದೆ ಬಂತು. ಸಂತೋಷ ಮಾತ್ರ ಹೊರಗೇ ಉಳಿಯಿತು. ಅದನ್ನು ನಾನೇ ಹೊರಗೆ ನಿಲ್ಲಿಸಿದ್ದೆ.

"ನಾ ಹೋಗೂದಿಲ್ಲ," ಎಂದೆ ಮತ್ತೆ.

"ಹೋಗು. ನೀ ಎದುರಿಗಿದ್ರ ಆಕಿ ಅಳೂದಿಲ್ಲ. ಗಂಡ ಕುಗ್ಗತಾನ ಅಂತ ಹಲ್ಲ ಕಚ್ಚಿ ಕುಂತಾಳ. ಅಳದಿದ್ರ ಒಳಗ ಹೆಪ್ಪಗಟ್ಟತದ. ಎರಡ ದಿನ ಬಿಟ್ಟು ಕೊಡು, ನಾವಿಬ್ರೂ ಅತ್ಕೊಂತೀವಿ."

ಕೋಣೆಗೆ ಹೋಗಿ ನೀತಾಳಿಗೆ ಹೇಳಿದೆ, ಅವ್ವನಿಗೆ ಎಲ್ಲ ಗೊತ್ತು ಎಂದು. ಗೋಡೆಯಿಂದ ಮುಖ ತಿರುಗಿಸಿದಳು. ಹಿಂದೆಯೇ ಅವ್ವ ಬಂದು ಹಾಸಿಗೆಯ ಅಂಚಿಗೆ ಕೂತಳು, "ನನ್ನವ್ವಾ," ಎಂದಳು ಅಷ್ಟೇ. ನೀತಾ, "ಅತ್ತೀ," ಎಂದು ಅವಳ ತೊಡೆಯ ಮೇಲೆ ಬಿದ್ದಳು. ಆ ದನಿ ನಾನು ಈವರೆಗೆ ಕೇಳಿದ್ದಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಬ್ಯಾಗಿಗೆ ರೊಟ್ಟಿ, ಚಟ್ನಿ, ಕೌದಿ ಸೇರಿಸಿದೆ.

ಡಿಸೆಂಬರ್ 14, ಶನಿವಾರ, ಬೆಳಿಗ್ಗೆ. ಕೋಲಾಡ್.

ಹೊಳೆದಂಡೆ. ತಾಮ್ಹಿಣಿ ಘಾಟಿನ ಉದ್ದಕ್ಕೂ ಲತೇಶ್ ಹಾಡು ಹಾಕಿದ್ದ, ನಾನು ನಿದ್ದೆಯ ಸೋಗು ಹಾಕಿದ್ದೆ. ನೀರು ಇನ್ನೂ ಬಂದಿರಲಿಲ್ಲ. ಅವನು ಹೇಳಿದ ಹಾಗೆ ಬರೀ ಕಲ್ಲು, ನಡುವೆ ಅಲ್ಲಲ್ಲಿ ನಿಂತ ಮಡು. ಎಲ್ಲರೂ ಹೆಲ್ಮೆಟ್ ಹಾಕಿಕೊಂಡು ಫೋಟೋ ತೆಗೆದುಕೊಳ್ಳುತ್ತಿದ್ದರು. ಥಂಡಿ ಇತ್ತು. ಕೌದಿ ತೆಗೆದು ಕಾಲ ಮೇಲೆ ಹಾಕಿಕೊಂಡೆ. ಕಾಲೂ ಪೂರ್ತಿ ಮುಚ್ಚುವುದಿಲ್ಲ. ಒಂದು ತುಂಡು ಅಪ್ಪನ ಹಳದಿ ರುಮಾಲಿನದು, ಒಂದು ನೀತಾಳ ಮದುವೆಯ ವರ್ಷದ ಸೀರೆಯದು. ಅರ್ಧ ಹಳೆಯ ಹೊಲಿಗೆ, ಅರ್ಧ ಹೊಸದು. ಹೋದ ಸಲದ್ದನ್ನೇ ಅವ್ವ ಮುಂದುವರಿಸಿದ್ದಾಳೆ.

ನೀರು ಬಂತು. ಮೊದಲು ಸದ್ದು, ಆಮೇಲೆ ನೊರೆ. ನೋಡುತ್ತಿದ್ದಂತೆ ಕಲ್ಲುಗಳೆಲ್ಲ ಮುಳುಗಿದವು. ಎಲ್ಲರೂ ಕೂಗಿ ದೋಣಿ ಇಳಿಸಿದರು. ನನ್ನದೂ ನೀರಿನ ಅಂಚಿನಲ್ಲಿದೆ, ಕೆಂಪು ಬಣ್ಣದ್ದು. ಲೈಫ್ ಜಾಕೆಟ್ ಹಾಕಿಕೊಂಡಿದ್ದೇನೆ. ಎರಡು ಹೆಜ್ಜೆ ಇಟ್ಟರೆ ಪಾದ ಒದ್ದೆಯಾಗುತ್ತದೆ.

ಅಡ್ಡಿ ಇಲ್ಲ ಎಂದಿದ್ದಾಳೆ ಅವ್ವ. ನಂಬುವವನಲ್ಲ ನಾನು. ಆದರೂ ಎದ್ದು ಹೋಗಿ ಮತ್ತೆ ಈ ಕಲ್ಲಿಗೇ ಬಂದು ಕೂತೆ. ಇಳಿದರೆ ಮುಗಿಯಿತು. ಇಳಿಯದಿರುವ ತನಕ ನಾನು ಬಸುರಿಯ ಗಂಡ. ಇಷ್ಟು ದಿನ ಗೊತ್ತಿಲ್ಲದೆ ಪಾಲಿಸಿದ್ದನ್ನು ಗೊತ್ತಿದ್ದು ಸ್ವಲ್ಪ ಹೊತ್ತು ಪಾಲಿಸುತ್ತೇನೆ. ಆ ಕೂಸಿಗಾಗಿ ನಾನು ಮಾಡಿದ್ದು ಬೇರೇನಿದೆ?

ಲತೇಶ್ ನೀರಿನ ನಡುವಿಂದ ಪ್ಯಾಡಲ್ ಎತ್ತಿ ಕೂಗುತ್ತಿದ್ದಾನೆ. "ಇಳಿ ಮಾರಾಯ! ಎಂಥ ಕಾಯ್ತಾ ಉಂಟು?"

ತಾಳು. ಇನ್ನೊಂದು ಸ್ವಲ್ಪ ಹೊತ್ತು.